ಸರ್ವರ್ ಆಫ್ ಮಾಡಿದರೆ ಮುಚ್ಚಿದ ಹಾಗಾಗುವುದಿಲ್ಲ

ಬೇಸಿಗೆ ರಜೆಗೆ ಅಂತ ಮನೆಮಕ್ಕಳಿಗೆ ಹಾಕಿಕೊಟ್ಟಿದ್ದ ಮೈನ್‌ಕ್ರಾಫ್ಟ್ ಸರ್ವರನ್ನು ಈ ವಾರ ಪೂರ್ತಿ ಮುಚ್ಚಿದೆ. ಮೈನ್‌ಕ್ರಾಫ್ಟ್ ಅಂದರೆ ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಕಂಪ್ಯೂಟರ್ ಗೇಮ್, ಸರ್ವರ್ ಅಂದರೆ ದೂರ ದೂರ ಇರುವವರು ಒಂದೇ ಲೋಕದಲ್ಲಿ ಆಡುವ ಹಾಗೆ ಅದನ್ನು ಓಡಿಸುವ ಕಂಪ್ಯೂಟರ್. ಸರ್ವರ್ ಹಾಕುವುದು ಹೇಗೆ ಅಂತ ಹುಡುಕಿದರೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಆಟ ಮುಗಿದ ಮೇಲೆ ಏನೇನು ಮಾಡಬೇಕು ಅಂತ ಹೇಳುವವರು ಮಾತ್ರ ಕಡಿಮೆ. ಎಷ್ಟೋ ಜನ ಸುಮ್ನೆ ಆಫ್ ಬಟನ್ ಒತ್ತಿ ಎದ್ದು ಹೋಗುತ್ತಾರೆ. ಆಮೇಲೆ ಬಿಲ್ ಬರುತ್ತಲೇ ಇರುತ್ತದೆ, ಇಲ್ಲವಾದರೆ ಮಕ್ಕಳು ಕಟ್ಟಿದ್ದು ಅರ್ಧಕ್ಕರ್ಧ ಸಿಗದೇ ಹೋಗುತ್ತದೆ. ಎರಡೂ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಮಕ್ಕಳು ದಿಕ್ಕಿಗೊಬ್ಬರು. ಅಣ್ಣನ ಮಗಳು ಹುಬ್ಬಳ್ಳಿಯಲ್ಲಿ, ತಂಗಿಯ ಮಗ ಶಿವಮೊಗ್ಗದಲ್ಲಿ, ಅಕ್ಕನ ಮಗ ನ್ಯೂಜೆರ್ಸಿಯಲ್ಲಿ. ರಜೆಯಲ್ಲಿ ಎಲ್ಲರೂ ಊರಿಗೆ ಬಂದು ಸೇರುತ್ತಿದ್ದ ಕಾಲ ಈಗಿಲ್ಲ. ಹಾಗಾಗಿ ಶನಿವಾರ, ಭಾನುವಾರ ರಾತ್ರಿ ಎಂಟಕ್ಕೆ ಆಟ ಅಂತ ಮಾಡಿಕೊಂಡೆವು. ಆಗ ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಹತ್ತೂವರೆ, ಅವನಿಗೂ ಅನುಕೂಲ. ಇಲ್ಲಿನವರು ಉಳಿದ ದಿನವೂ ಆಡುತ್ತಿದ್ದರು, ಅದು ಬೇರೆ.

ಮನೆಯ ಕಂಪ್ಯೂಟರಲ್ಲೇ ಸರ್ವರ್ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ನಮ್ಮಲ್ಲಿ ಹೆಚ್ಚಿನ ಮನೆಗಳ ಬ್ರಾಡ್‌ಬ್ಯಾಂಡಿಗೆ ಸ್ವಂತ ಪಬ್ಲಿಕ್ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್ಟಿನಲ್ಲಿ ಹೊರಗಿನವರು ಹುಡುಕಿ ಬರಬಹುದಾದ ವಿಳಾಸ, ಇರುವುದಿಲ್ಲ. ಒಂದೇ ಅಡ್ರೆಸ್ಸನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ, ಸಿಜಿ-ನ್ಯಾಟ್ ಅಂತಾರೆ ಅದಕ್ಕೆ. ಒಳಗಿನಿಂದ ಹೊರಗೆ ಹೋಗುವುದಕ್ಕೆ ಏನೂ ತೊಂದರೆ ಇಲ್ಲ, ಆದರೆ ಹೊರಗಿನವರು ನೇರವಾಗಿ ನಮ್ಮ ಕಂಪ್ಯೂಟರಿಗೆ ಬರುವುದಕ್ಕೆ ದಾರಿಯೇ ಇಲ್ಲ. ರೌಟರಿನಲ್ಲಿ 25565ನೇ ಪೋರ್ಟ್, ಅಂದರೆ ಮೈನ್‌ಕ್ರಾಫ್ಟ್ ಬಳಸುವ ಬಾಗಿಲು, ಎಷ್ಟು ಸಲ ತೆರೆದರೂ ಅಷ್ಟೇ. ಅದಕ್ಕೇ ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಶನ್ ಕಂಪನಿಯ ಬೆಂಗಳೂರು ಡೇಟಾ ಸೆಂಟರಿನಲ್ಲಿ ಒಂದು ಡ್ರಾಪ್ಲೆಟ್ ತೆಗೆದುಕೊಂಡೆ, ಬಾಡಿಗೆ ಸರ್ವರಿಗೆ ಅವರು ಇಟ್ಟ ಹೆಸರು ಅದು. 8 ಜಿಬಿ ರ‍್ಯಾಮ್, 4 ಕೋರ್, ನಾನು ತೆಗೆದುಕೊಂಡಾಗ ತಿಂಗಳಿಗೆ 48 ಡಾಲರ್, ಅದರ ಮೇಲೆ 18% ಜಿಎಸ್‌ಟಿ. ಸರ್ವರ್ ಬೆಂಗಳೂರಿನಲ್ಲಿದ್ದರೆ ಹುಬ್ಬಳ್ಳಿ, ಶಿವಮೊಗ್ಗದವರಿಗೆ ಆಟ ತಡವರಿಸುವುದಿಲ್ಲ. ನ್ಯೂಜೆರ್ಸಿಯವನಿಗೆ ಮಾತ್ರ ಪಿಂಗ್, ಅಂದರೆ ಸರ್ವರಿಗೆ ಹೋಗಿ ಬರುವ ಸಮಯ, 200 ಮಿಲಿಸೆಕೆಂಡಿಗಿಂತ ಜಾಸ್ತಿ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್ ಓಡುತ್ತದೆ (ಟಿಕ್ ಅಂದರೆ ಆಟ ಒಂದು ಹೆಜ್ಜೆ ಮುಂದೆ ಹೋಗುವುದು), ಅಂದರೆ ಒಂದು ಟಿಕ್‌ಗೆ 50 ಮಿಲಿಸೆಕೆಂಡ್. ಹಾಗಾಗಿ ಅವನು ಯಾವತ್ತೂ ನಾಲ್ಕೈದು ಟಿಕ್ ಹಿಂದೆ. ಝಾಂಬಿ ಜೊತೆ ಹೊಡೆದಾಡುವುದು ಕಷ್ಟ, ಕಟ್ಟಡ ಕಟ್ಟುವುದಕ್ಕೆ ಏನೂ ತೊಂದರೆ ಇಲ್ಲ. ಅವನು ಕಟ್ಟುತ್ತಾ ಕೂತ.

ಅವರು ಕಟ್ಟಿದ್ದನ್ನು ಹೇಳಲೇಬೇಕು, ಯಾಕಂದರೆ ಮುಚ್ಚುವಾಗ ಇಷ್ಟೊಂದು ಹುಷಾರಾಗಿದ್ದದ್ದೇ ಅದಕ್ಕಾಗಿ.

ಅಣ್ಣನ ಮಗಳು ಹುಬ್ಬಳ್ಳಿ ಸ್ಟೇಷನ್ ಕಟ್ಟಿದಳು. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತಲ್ವಾ, ಅದೇ. ಮೈನ್‌ಕ್ರಾಫ್ಟಿನಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಅವಳು 1,507 ಬ್ಲಾಕ್ ಲೆಕ್ಕ ಹಾಕಿ, ಪಕ್ಕದಲ್ಲಿ ಹಳಿಯನ್ನೂ ಹಾಕಿ, ಒಂದು ಬ್ಲಾಕ್ ಕೂಡ ಕಡಿಮೆ ಮಾಡದೆ ಮುಗಿಸಿದಳು. ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ, ಆಟ ಅಷ್ಟು ದೂರ ತೋರಿಸುವುದೇ ಇಲ್ಲ. ಹಳಿಯ ಮೇಲೆ ಹೋಗುವ ಗಾಡಿ ಮೈನ್‌ಕಾರ್ಟ್ ಸೆಕೆಂಡಿಗೆ 8 ಬ್ಲಾಕ್ ಓಡುತ್ತದೆ, ಹಾಗಾಗಿ ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ನಿಮಿಷದ ಮೇಲೆ ಬೇಕು. ನಾವೆಲ್ಲಾ ಒಬ್ಬರ ಹಿಂದೊಬ್ಬರು ಕೂತು ಹೋಗಿದ್ದೇವೆ.

ನ್ಯೂಜೆರ್ಸಿಯವನು ಸಾಗರದ ಹತ್ತಿರದ ನಮ್ಮ ಅಜ್ಜಿಮನೆ ಕಟ್ಟಿದ. ಅವನು ಆ ಮನೆ ನೋಡಿದ್ದು ತೀರಾ ಚಿಕ್ಕವನಿದ್ದಾಗ. ಅವನ ಅಮ್ಮನ ಹತ್ತಿರ ಕೇಳಿ, ನನ್ನಿಂದ ಫೋಟೋ ತರಿಸಿಕೊಂಡು, ಮಧ್ಯದಲ್ಲಿ ತೊಟ್ಟಿ, ಸುತ್ತ ಜಗಲಿ, ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಬಾವಿ, ಎಲ್ಲಾ ಹಾಕಿದ್ದಾನೆ. ಮೈನ್‌ಕ್ರಾಫ್ಟಿನಲ್ಲಿ ಮಂಗಳೂರು ಹೆಂಚು ಅಂತ ಬ್ಲಾಕ್ ಇಲ್ಲ. ಇಟ್ಟಿಗೆಯ ಮೆಟ್ಟಿಲು ಬ್ಲಾಕನ್ನು ಓರೆಯಾಗಿ ಜೋಡಿಸಿದರೆ ದೂರದಿಂದ ಹೆಂಚಿನ ಹಾಗೇ ಕಾಣುತ್ತದೆ ಅಂತ ಅವನೇ ಕಂಡುಕೊಂಡ. ತೊಟ್ಟಿಯ ನಾಲ್ಕು ಮೂಲೆಗೆ ಮಾಡು ಇಳಿಯುವ ಕಡೆ ಮೆಟ್ಟಿಲು ಬ್ಲಾಕ್ ತಾನಾಗೇ ಮೂಲೆ ತಿರುಗುತ್ತದೆ, ಅಲ್ಲಿ ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಅಮ್ಮನಿಗೆ ಫೋನಿನಲ್ಲಿ ತೋರಿಸಿದಾಗ ‘ಮಳೆಗಾಲದಲ್ಲಿ ಇದೇ ಮೂಲೆಯಲ್ಲೇ ಸೋರ್ತಿತ್ತು ನೋಡು’ ಅಂದರು.

ಸ್ಟೇಷನ್ನಿಗೂ ಅಜ್ಜಿಮನೆಗೂ ತುಂಬಾ ದೂರ. ನಡೆದು ಹೋದರೆ ಸಂಜೆಯ ಆಟವೆಲ್ಲಾ ಅದರಲ್ಲೇ ಮುಗಿಯುತ್ತದೆ. ನೆದರ್ ಅನ್ನುವ ಪಾತಾಳಲೋಕದಲ್ಲಿ ಒಂದು ಬ್ಲಾಕ್ ನಡೆದರೆ ಮೇಲೆ ಎಂಟು ಬ್ಲಾಕ್ ನಡೆದ ಹಾಗೆ. ಶಿವಮೊಗ್ಗದವನು ಅಲ್ಲಿ ಲಾವಾದ ಮೇಲೆ ಕಲ್ಲಿನ ಸುರಂಗ ಕೊರೆದು ಎರಡೂ ಕಡೆ ಜೋಡಿಸಿದ. ಸ್ಟೇಷನ್, ಮನೆ ನೋಡಿದವರೆಲ್ಲಾ ಹೊಗಳುತ್ತಾರೆ, ಸುರಂಗ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಅದರ ಮೇಲೆ ಜಾಸ್ತಿ ಪ್ರೀತಿ.

ಶಾಲೆ ಶುರುವಾಯಿತು, ಮುಚ್ಚೋಣ ಅಂದಾಗ ಅಣ್ಣ ಫೋನ್ ಮಾಡಿದ. ‘ಎಲ್ಲಾ ಅಳಿಸ್ತೀಯಂತೆ? ಪಾಪ, ರಜೆಯಿಡೀ ಕಟ್ಟಿದಾರಲ್ಲೇ.’ ಅಳಿಸುವುದು ಸರ್ವರನ್ನ, ಅವರು ಕಟ್ಟಿದ್ದನ್ನಲ್ಲ ಅಂತ ಹೇಳಿದೆ. ಬಾಡಿಗೆ ಮನೆ ಖಾಲಿ ಮಾಡುವಾಗ ಸಾಮಾನೆಲ್ಲಾ ಹೊರಗೆ ಸಾಗಿಸಿ, ಕರೆಂಟ್ ಬಿಲ್ ಚುಕ್ತಾ ಮಾಡಿ, ಆಮೇಲೆ ಕೀ ವಾಪಸ್ ಕೊಡುತ್ತೇವಲ್ಲ, ಇದೂ ಅದೇ ಕ್ರಮ.

ಮೊದಲು ಆಟ ನಿಲ್ಲಿಸುವುದು. ಇದನ್ನು ಸರ್ವರಿನ ಕನ್ಸೋಲಿನಲ್ಲಿ, ಅಂದರೆ ಅದಕ್ಕೆ ಆಜ್ಞೆ ಕೊಡುವ ಪರದೆಯಲ್ಲಿ, ‘ಸ್ಟಾಪ್’ ಅಂತ ಟೈಪ್ ಮಾಡಿಯೇ ಮಾಡಬೇಕು. ಮೈನ್‌ಕ್ರಾಫ್ಟ್ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ, ಅಂದರೆ 6,000 ಟಿಕ್‌ಗೊಮ್ಮೆ, ತಾನಾಗೇ ಸೇವ್ ಮಾಡಿಕೊಳ್ಳುತ್ತದೆ. ಅದರ ನಡುವೆ ಪ್ರೋಗ್ರಾಮನ್ನು ಕಿಲ್ ಮೈನಸ್ ನೈನ್ ಅನ್ನುವ ಲಿನಕ್ಸ್ ಆಜ್ಞೆ ಕೊಟ್ಟು ಒಮ್ಮೆಲೇ ಕೊಂದರೆ ಕೊನೆಯ ಕೆಲವು ನಿಮಿಷದ ಕೆಲಸ ಹೋಗುತ್ತದೆ. ಆ ಹೊತ್ತಿನಲ್ಲಿ ಫೈಲ್ ಬರೆಯುತ್ತಿದ್ದರೆ ಆ ಫೈಲೇ ಕೆಟ್ಟುಹೋಗಬಹುದು. ಸ್ಟಾಪ್ ಕೊಟ್ಟರೆ ಮೊದಲು ಆಟಗಾರರನ್ನು, ಆಮೇಲೆ ಭೂಮಿ, ನೆದರ್, ಎಂಡ್ ಮೂರೂ ಲೋಕಗಳನ್ನು ಒಂದೊಂದಾಗಿ ಸೇವ್ ಮಾಡುತ್ತದೆ. ‘ಆಲ್ ಡೈಮೆನ್ಷನ್ಸ್ ಆರ್ ಸೇವ್ಡ್’ ಅನ್ನುವ ಸಾಲು ಬರುವ ತನಕ ಕಾಯಬೇಕು. ನಾನು ಸ್ಕ್ರೀನ್ ಶೇರ್ ಮಾಡಿ, ಆ ಅಕ್ಷರಗಳನ್ನು ಅಣ್ಣನ ಮಗಳ ಕೈಯಲ್ಲೇ ಟೈಪ್ ಮಾಡಿಸಿದೆ. ‘ಅತ್ತೆ, ಎಂಟರ್ ಒತ್ಲಾ?’ ಅಂತ ಕೇಳಿ ಒತ್ತಿದಳು. ಒಂದೊಂದೇ ಸಾಲು ಬರುವಾಗ ಅವಳೇ ಜೋರಾಗಿ ಓದುತ್ತಾ ಹೋದಳು.

ಇನ್ನು ಸಾಗಿಸುವ ಕೆಲಸ. ನಿಧಾನಕ್ಕೆ, ಕಣ್ಣಿಟ್ಟು ಮಾಡಬೇಕಾದದ್ದು ಇದೊಂದೇ.

ಸರ್ವರಿನಲ್ಲಿ ನಿಜವಾಗಿ ನಮ್ಮದು ಅನ್ನುವಂಥದ್ದು ತುಂಬ ಕಡಿಮೆ. ಲಿನಕ್ಸ್ ಎಲ್ಲಿ ಬೇಕಾದರೂ ಸಿಗುತ್ತದೆ, ಜಾವಾ ಕೂಡ. ಬೇರೆಲ್ಲೂ ಸಿಗದೇ ಇರುವುದು ವರ್ಲ್ಡ್ ಫೋಲ್ಡರ್. ಅದರ ಜೊತೆ ಸರ್ವರ್ ಪ್ರಾಪರ್ಟೀಸ್ (ಸರ್ವರಿನ ಸೆಟ್ಟಿಂಗ್‌ಗಳು), ವೈಟ್‌ಲಿಸ್ಟ್ (ಒಳಗೆ ಬರಬಹುದಾದವರ ಪಟ್ಟಿ), ಆಪ್ಸ್ (ಸರ್ವರ್ ನೋಡಿಕೊಳ್ಳುವವರ ಪಟ್ಟಿ) ಅನ್ನುವ ಪುಟ್ಟ ಫೈಲುಗಳು. ಪ್ಲಗಿನ್, ಅಂದರೆ ಹೆಚ್ಚುವರಿ ಪ್ರೋಗ್ರಾಮ್, ಹಾಕಿದ್ದರೆ ಆ ಫೋಲ್ಡರ್ ಕೂಡ ಸೇರಿಸಿ. ನಾವು ಬಳಸಿದ ವರ್ಷನ್ನಿನಲ್ಲಿ ವರ್ಲ್ಡ್ ಒಳಗೆ ಲೆವೆಲ್ ಡಾಟ್ ಡ್ಯಾಟ್ ಅಂತ ಒಂದು ಫೈಲ್ ಇರುತ್ತದೆ. ಲೋಕದ ಸೀಡ್ (ಲೋಕ ಹೇಗೆ ಹುಟ್ಟಬೇಕು ಅಂತ ತೀರ್ಮಾನಿಸುವ ಸಂಖ್ಯೆ), ಹೊತ್ತು, ನಿಯಮಗಳು ಅದರಲ್ಲಿ. ಯಾರ ಚೀಲದಲ್ಲಿ ಏನಿದೆ ಅನ್ನುವುದು ಪ್ಲೇಯರ್ ಡೇಟಾ ಫೋಲ್ಡರಿನಲ್ಲಿ. ಕಟ್ಟಿದ್ದೆಲ್ಲಾ ಇರುವುದು ರೀಜನ್ ಫೋಲ್ಡರಿನಲ್ಲಿ. ಅಲ್ಲಿನ ಒಂದೊಂದು ಫೈಲೂ 512 ಬ್ಲಾಕ್ ಉದ್ದ, 512 ಬ್ಲಾಕ್ ಅಗಲದ ಒಂದು ತುಂಡು ನೆಲ. ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಬ್ಲಾಕ್ ಅಂದರೆ ಕಡಿಮೆ ಅಂದರೂ ಮೂರು ಫೈಲುಗಳಲ್ಲಿ ಹಂಚಿ ಹೋಗಿದೆ. ಅದರಲ್ಲಿ ಒಂದು ಕೈತಪ್ಪಿದರೆ ಆಟ ಏನೂ ದೂರು ಹೇಳುವುದಿಲ್ಲ, ಆ ಜಾಗದಲ್ಲಿ ಹೊಸದಾಗಿ ಕಾಡೋ ಗುಡ್ಡವೋ ಹುಟ್ಟಿಸಿಬಿಡುತ್ತದೆ. ಸ್ಟೇಷನ್ ಮಧ್ಯಕ್ಕೆ ಕತ್ತರಿಸಿದ ಹಾಗೆ ನಿಂತು, ಅಲ್ಲಿಂದ ಮುಂದೆ ಬರೀ ಹುಲ್ಲು. ಅದಕ್ಕೇ ಒಂದೊಂದು ಫೈಲ್ ಆರಿಸಿ ಎತ್ತಿಕೊಳ್ಳಬಾರದು, ಇಡೀ ಫೋಲ್ಡರನ್ನೇ ಟಾರ್ ಮಾಡಬೇಕು, ಅಂದರೆ ಒಂದೇ ಫೈಲಾಗಿ ಕಟ್ಟಬೇಕು. ಒಳಗಿನ ಡೇಟಾ ಮೊದಲೇ ಕಂಪ್ರೆಸ್ ಆಗಿರುವುದರಿಂದ ಸೈಜ್ ಜಾಸ್ತಿ ಇಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ.

ನೆದರ್ ವಿಷಯ ಇನ್ನೂ ಮುಖ್ಯ. ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್‌ನವರ ಮೂಲ ಸರ್ವರಿನಲ್ಲಿ, ನಾವು ಬಳಸಿದ ವರ್ಷನ್ನಿನ ತನಕ, ನೆದರ್ ಕೂಡ ವರ್ಲ್ಡ್ ಫೋಲ್ಡರಿನ ಒಳಗೇ ಇರುತ್ತದೆ, ಡಿಮ್ ಮೈನಸ್ ಒಂದು ಅನ್ನುವ ಹೆಸರಿನಲ್ಲಿ. ಆದರೆ ನಾವು ಹಾಕಿದ್ದು ಪೇಪರ್ ಅನ್ನುವ ಬೇರೆ ಸರ್ವರ್ ಪ್ರೋಗ್ರಾಮ್, ಅದು ಜೋರಾಗಿ ಓಡುತ್ತದೆ ಅಂತ ತುಂಬಾ ಜನ ಬಳಸುವುದು. ನಾವು ಬಳಸಿದ ವರ್ಷನ್ನಿನಲ್ಲಿ ಪೇಪರ್ ನೆದರನ್ನೂ ಎಂಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ವರ್ಲ್ಡ್ ಅಂತ ಹೆಸರಿದೆಯಲ್ಲ, ಅದೊಂದನ್ನು ತೆಗೆದುಕೊಂಡರೆ ಎಲ್ಲಾ ಬಂತು ಅಂದುಕೊಳ್ಳುವುದು ತುಂಬಾ ಸುಲಭ. ಹಾಗೆ ಮಾಡಿದ್ದರೆ ಶಿವಮೊಗ್ಗದವನ ಸುರಂಗ ಪೂರ್ತಿ ಹೋಗುತ್ತಿತ್ತು. ಮೂರೂ ಫೋಲ್ಡರ್ ತೆಗೆದುಕೊಳ್ಳಿ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಆಡುವ ಹಾಗೆ ತೆರೆಯಬೇಕಾದರೆ ನೆದರ್ ಫೋಲ್ಡರಿನ ಒಳಗಿರುವ ಡಿಮ್ ಮೈನಸ್ ಒಂದನ್ನು ಎತ್ತಿ ವರ್ಲ್ಡ್ ಒಳಗೆ ಹಾಕಬೇಕು. ಎಂಡ್‌ನ ಡಿಮ್ ಒಂದಕ್ಕೂ ಹಾಗೇ.

ಫೈಲ್ ಲ್ಯಾಪ್‌ಟಾಪಿಗೆ ಬಂದ ಮೇಲೆ ಎರಡೂ ಕಡೆ ಶಾ-256 ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಅಕ್ಷರಸಾಲು, ತೆಗೆದು ಹೋಲಿಸಿದೆ. ಒಂದೇ ಒಂದು ಅಕ್ಷರ ಬೇರೆ ಇದ್ದರೂ ಮತ್ತೆ ಇಳಿಸಬೇಕು. ಅಷ್ಟಕ್ಕೇ ಸಾಲದು. ಚೆಕ್‌ಸಮ್ ಹೇಳುವುದು ಕಳಿಸಿದ್ದೇ ಬಂದಿದೆ ಅಂತ ಮಾತ್ರ, ಕಳಿಸಿದ್ದರಲ್ಲಿ ಎಲ್ಲಾ ಇದೆಯಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಗೇಮ್ ತೆರೆದು ಕಣ್ಣಲ್ಲೇ ನೋಡಬೇಕು. ಸರ್ವರ್ ಇನ್ನೂ ಜೀವಂತ ಇರುವಾಗಲೇ ನೋಡಬೇಕು. ನಾನು ಪ್ಲಾಟ್‌ಫಾರ್ಮ್ ಆ ತುದಿಯಿಂದ ಈ ತುದಿ ತನಕ ಮೈನ್‌ಕಾರ್ಟಿನಲ್ಲಿ ಹೋದೆ, ನೆದರಿಗೆ ಹೋಗುವ ಬಾಗಿಲು ಪೋರ್ಟಲ್ ಹಾದು ಸುರಂಗದಲ್ಲಿ ನಡೆದು ಅಜ್ಜಿಮನೆ ಬಾವಿಯ ಹತ್ತಿರ ಹೊರಬಂದೆ. ಅದೇ ಅಕೌಂಟಿನಲ್ಲಿ ತೆರೆದದ್ದರಿಂದ ನನ್ನ ಚೀಲದ ಸಾಮಾನು ಕೂಡ ಹಾಗೇ ಇತ್ತು. ಆಮೇಲೆ ಅದೇ ಫೈಲನ್ನು ಮೂವರು ಮಕ್ಕಳಿಗೂ ಕಳಿಸಿ, ‘ನೀವೂ ತೆರೆದು ನೋಡಿ ಹೇಳಿ, ಅಲ್ಲಿ ತನಕ ಮುಟ್ಟುವುದಿಲ್ಲ’ ಅಂದೆ. ಮೂವರೂ ಹ್ಞೂಂ ಅಂದ ಮೇಲೇ ಮುಂದಿನ ಕೆಲಸ.

ಈಗ ದುಡ್ಡಿನ ಮಾತು. ‘ಆಫ್’ ಅನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಡಿಜಿಟಲ್‌ಓಶನ್‌ನಲ್ಲಿ ಡ್ರಾಪ್ಲೆಟ್ ಪವರ್ ಆಫ್ ಮಾಡಿದರೂ ಬಿಲ್ ಪೂರ್ತಿ ಓಡುತ್ತದೆ, ಯಾಕಂದರೆ ಆ ಡಿಸ್ಕ್, ರ‍್ಯಾಮ್, ಐಪಿ ಎಲ್ಲಾ ನಿಮ್ಮ ಹೆಸರಿನಲ್ಲೇ ಕಾದಿಟ್ಟಿರುತ್ತಾರೆ. ಬಿಲ್ ನಿಲ್ಲಬೇಕಾದರೆ ಡಿಸ್ಟ್ರಾಯ್ ಕೊಡಬೇಕು, ಅಂದರೆ ಸರ್ವರನ್ನೇ ಅಳಿಸಬೇಕು. ಇದನ್ನು ಅವರು ಮುಚ್ಚಿಟ್ಟಿಲ್ಲ, ಅವರ ದಾಖಲೆಗಳಲ್ಲೇ ಬರೆದಿದ್ದಾರೆ. ಅಮೆಜಾನ್‌ನ ಎಡಬ್ಲ್ಯೂಎಸ್‌ನಲ್ಲಿ ಸ್ಟಾಪ್ ಮಾಡಿದರೆ ಮೆಷಿನ್ನಿನ ಗಂಟೆ ಲೆಕ್ಕ ನಿಲ್ಲುತ್ತದೆ, ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಗೂಗಲ್ ಕ್ಲೌಡ್ ಕೂಡ ಹಾಗೇ, ಡಿಸ್ಕಿಗೂ ಕಾದಿರಿಸಿದ ಐಪಿಗೂ ಲೆಕ್ಕ ಮುಂದುವರಿಯುತ್ತದೆ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೆಷಿನ್ನಿನ ಒಳಗಿನಿಂದ ಶಟ್‌ಡೌನ್ ಕೊಟ್ಟರೆ ಅದು ಬರೀ ‘ಸ್ಟಾಪ್ಡ್’, ಆಗಲೂ ಬಿಲ್ ಬರುತ್ತದೆ. ಅಜೂರ್‌ನ ವೆಬ್ ಪುಟದಿಂದ ನಿಲ್ಲಿಸಿ ‘ಡೀಅಲೊಕೇಟೆಡ್’ ಅಂತ ಆದಮೇಲೇ ಮೆಷಿನ್ನಿನ ಲೆಕ್ಕ ನಿಲ್ಲುವುದು. ಹಾಗಾಗಿ ಸರ್ವರ್ ತೆಗೆದುಕೊಳ್ಳುವ ದಿನವೇ, ಇದನ್ನು ಬಿಡುವುದು ಹೇಗೆ ಅನ್ನುವ ಪುಟವನ್ನೂ ಒಂದು ಸಲ ಓದಿಕೊಳ್ಳುವುದು ಒಳ್ಳೆಯದು.

ಸರ್ವರ್ ಹೋದ ಮೇಲೂ ಉಳಿಯುವ ಬಾಲಗಳು ಬೇರೆ. ಎಡಬ್ಲ್ಯೂಎಸ್‌ನಲ್ಲಿ ಟರ್ಮಿನೇಟ್ ಕೊಟ್ಟಾಗ ಮೂಲ ಡಿಸ್ಕ್ ಸಾಮಾನ್ಯವಾಗಿ ತಾನಾಗೇ ಅಳಿಯುತ್ತದೆ. ಆದರೆ ನೀವು ಆಮೇಲೆ ಜೋಡಿಸಿದ ಎರಡನೇ ಡಿಸ್ಕ್, ಬೇರೆ ಏನೂ ಹೇಳದಿದ್ದರೆ, ಹಾಗೇ ಉಳಿಯುತ್ತದೆ. ಐಪಿ ಅಡ್ರೆಸ್ ಇನ್ನೊಂದು. ಹಳೇ ಥರದ ಐಪಿವಿ4 ಅಡ್ರೆಸ್‌ಗಳ ಜಾಗತಿಕ ದಾಸ್ತಾನು 2011ರಲ್ಲೇ ಖಾಲಿಯಾಗಿದೆ, ಅದಕ್ಕೇ ಈಗ ಅದಕ್ಕೂ ಬೆಲೆ. 2024ರ ಫೆಬ್ರವರಿ 1ರಿಂದ ಎಡಬ್ಲ್ಯೂಎಸ್ ಪ್ರತಿ ಪಬ್ಲಿಕ್ ಐಪಿವಿ4 ಅಡ್ರೆಸ್ಸಿಗೆ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ. ತಿಂಗಳಿಗೆ ಮೂರೂವರೆ ಡಾಲರಿನ ಮೇಲಾಯಿತು. ಡಿಜಿಟಲ್‌ಓಶನ್‌ನಲ್ಲಿ ಕಾದಿರಿಸಿದ ಐಪಿ ಸರ್ವರಿಗೆ ಜೋಡಿಸಿರುವ ತನಕ ಪುಕ್ಕಟೆ, ಸರ್ವರ್ ಇಲ್ಲದೆ ಸುಮ್ನೆ ಇಟ್ಟುಕೊಂಡರೆ ಅದಕ್ಕೆ ದುಡ್ಡು.

ಸ್ನ್ಯಾಪ್‌ಶಾಟ್, ಅಂದರೆ ಇಡೀ ಸರ್ವರಿನ ಯಥಾವತ್ತು ಪ್ರತಿ, ತೆಗೆದಿಟ್ಟರೆ ಮುಂದಿನ ಸಲ ಒಂದೇ ಕ್ಲಿಕ್ಕಿಗೆ ವಾಪಸ್ ತರಬಹುದು ಅಂತ ತುಂಬಾ ಜನ ಹೇಳುತ್ತಾರೆ. ಹೌದು, ತರಬಹುದು. ಆದರೆ ನಾನು ಇಟ್ಟುಕೊಳ್ಳಲಿಲ್ಲ. ಸ್ನ್ಯಾಪ್‌ಶಾಟಿನಲ್ಲಿ ಲಿನಕ್ಸು, ಲಾಗು, ಹಳೇ ಅಪ್‌ಡೇಟು, ಎಲ್ಲಾ ಸೇರಿ ಜಿಬಿ ಲೆಕ್ಕದಲ್ಲಿ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾ ಇರಬೇಕು. ಆರು ತಿಂಗಳಾದ ಮೇಲೆ ತೆರೆದರೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದ ಹಳೇ ಮೆಷಿನ್. ನಮ್ಮ ಲೋಕ ನಮ್ಮ ಕೈಯಲ್ಲಿ ಫೈಲಾಗಿ ಇದ್ದರೆ ಯಾವ ಕಂಪನಿಯಲ್ಲಾದರೂ, ಯಾವ ಊರಿನಲ್ಲಾದರೂ ಮತ್ತೆ ಎಬ್ಬಿಸಬಹುದು. ಒಂದು ಕಾಪಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ, ಮತ್ತೊಂದು ಆನ್‌ಲೈನ್ ಡ್ರೈವಿನಲ್ಲಿ, ಜೊತೆಗೆ ಮಕ್ಕಳ ಹತ್ತಿರ ಇರುವ ಕಾಪಿಗಳು.

ಡಿಎನ್ಎಸ್, ಅಂದರೆ ಹೆಸರನ್ನು ಐಪಿ ಅಡ್ರೆಸ್ಸಿಗೆ ಜೋಡಿಸುವ ಇಂಟರ್ನೆಟ್ಟಿನ ವ್ಯವಸ್ಥೆ, ಅದರ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ, ಆದರೆ ಮಕ್ಕಳಿರುವ ಕಡೆ ನನಗೆ ದುಡ್ಡಿಗಿಂತ ಇದೇ ದೊಡ್ಡದು. ಮಕ್ಕಳಿಗೆ ನೆನಪಿರಲಿ ಅಂತ ನನ್ನ ಡೊಮೇನಿನ ಕೆಳಗೆ ಒಂದು ಹೆಸರು ಇಟ್ಟು ಸರ್ವರಿನ ಐಪಿಗೆ ತೋರಿಸಿದ್ದೆ. ಡ್ರಾಪ್ಲೆಟ್ ಡಿಸ್ಟ್ರಾಯ್ ಆದರೆ ಆ ಐಪಿ ಕಂಪನಿಯ ಗುಂಪಿಗೆ ವಾಪಸ್ ಹೋಗಿ ಇನ್ಯಾರಿಗೋ ಸಿಗುತ್ತದೆ. ಹೆಸರು ಮಾತ್ರ ಇನ್ನೂ ಅದೇ ಐಪಿ ಕಡೆ ಕೈ ತೋರಿಸುತ್ತಾ ನಿಂತಿರುತ್ತದೆ. ಮಗು ಹಳೇ ಹೆಸರು ಒತ್ತಿದರೆ ಯಾರೋ ಗುರುತಿಲ್ಲದವರ ಮೆಷಿನ್ನಿಗೆ ಹೋಗಿ ಬಡಿಯುತ್ತದೆ. ಅಲ್ಲೂ 25565 ತೆರೆದಿದ್ದರೆ ಅಪರಿಚಿತರ ಜೊತೆ ಆಟ. ಈ ಪೋರ್ಟನ್ನು ಹುಡುಕಿಕೊಂಡು ತಾವಾಗೇ ಅಲೆಯುವ ಬಾಟ್ ಪ್ರೋಗ್ರಾಮುಗಳು ಎಷ್ಟಿವೆ ಅಂತ ನಮ್ಮ ಲಾಗ್ ನೋಡಿದರೇ ಗೊತ್ತಾಗುತ್ತಿತ್ತು. ಗುರುತಿಲ್ಲದ ಹೆಸರುಗಳು ಬಂದು ಬಾಗಿಲು ತಟ್ಟುತ್ತಿದ್ದವು, ವೈಟ್‌ಲಿಸ್ಟ್ ಹಾಕಿದ್ದರಿಂದ ಒಳಗೆ ಬರಲಿಲ್ಲ. ಆದ್ದರಿಂದ ಮೊದಲು ಡಿಎನ್ಎಸ್‌ನಲ್ಲಿ ಹೆಸರನ್ನು ಐಪಿಗೆ ಜೋಡಿಸುವ ಎ ರೆಕಾರ್ಡ್ ಅಳಿಸಿ, ಪೋರ್ಟನ್ನೂ ತಿಳಿಸುವ ಎಸ್ಆರ್‌ವಿ ರೆಕಾರ್ಡ್ ಇದ್ದರೆ ಅದನ್ನೂ ಅಳಿಸಿ, ಆಮೇಲೆ ಸರ್ವರ್ ತೆಗೆಯಿರಿ. ಮಕ್ಕಳ ಗೇಮಿನ ಸರ್ವರ್ ಪಟ್ಟಿಯಿಂದಲೂ ಆ ಹೆಸರು ತೆಗೆಸಿ.

ಉಳಿದದ್ದು ಐದು ನಿಮಿಷದ ಕೆಲಸ. ಬ್ಯಾಕಪ್ ಸ್ಕ್ರಿಪ್ಟಿಗೆ ಪಾಸ್‌ವರ್ಡಿನ ಥರ ಕೊಟ್ಟಿದ್ದ ಎಪಿಐ ಟೋಕನ್ ರದ್ದು ಮಾಡುವುದು, ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್ಎಸ್ಎಚ್ ಕೀ ತೆಗೆಯುವುದು, ಫೈರ್‌ವಾಲ್ ನಿಯಮ ಅಳಿಸುವುದು. ಎಡಬ್ಲ್ಯೂಎಸ್ ಆದರೆ ಎಲ್ಲಾ ರೀಜನ್‌ಗಳಲ್ಲೂ (ಡೇಟಾ ಸೆಂಟರ್ ಇರುವ ಪ್ರದೇಶಗಳಲ್ಲೂ) ಒಂದು ಸಲ ಹಣಕಿ ನೋಡಿ, ಅಲ್ಲಿ ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ರೀಜನ್ ಕಾಣುವುದರಿಂದ ಮುಂಬೈಯಲ್ಲಿ ಖಾಲಿ ಕಂಡರೂ ಹೈದರಾಬಾದಿನಲ್ಲಿ ಏನಾದರೂ ಉಳಿದಿರಬಹುದು. ಮುಂದಿನ ತಿಂಗಳ ಬಿಲ್ ಬಂದ ಮೇಲೆ ಅದರಲ್ಲಿ ಸೊನ್ನೆ ಇದೆಯಾ ಅಂತ ನೋಡದೆ ಕೆಲಸ ಮುಗಿಯಿತು ಅಂತ ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು, ವರ್ಷನ್ ಬಗ್ಗೆ. ಫೈಲಿನ ಜೊತೆಗೆ ನಾವು ಓಡಿಸುತ್ತಿದ್ದ ಸರ್ವರ್ ಪ್ರೋಗ್ರಾಮಿನ ಜಾರ್ ಫೈಲನ್ನೂ ಇಟ್ಟಿದ್ದೇನೆ, ಅದಕ್ಕೆ ಯಾವ ಜಾವಾ ಬೇಕು ಅಂತಲೂ ಬರೆದಿಟ್ಟಿದ್ದೇನೆ. ಹೊಸ ಮೈನ್‌ಕ್ರಾಫ್ಟಿನಲ್ಲಿ ಹಳೇ ಲೋಕ ತೆರೆದರೆ ಅದು ಹೊಸ ರೂಪಕ್ಕೆ ಬದಲಾಗುತ್ತದೆ, ಮತ್ತೆ ಹಳೇ ವರ್ಷನ್ನಿಗೆ ಇಳಿಸುವ ದಾರಿ ಇಲ್ಲ. ಹಾಗಾಗಿ ಹೊಸದರಲ್ಲಿ ತೆರೆಯುವುದೇನಿದ್ದರೂ ಕಾಪಿಯ ಮೇಲೆ ಮಾತ್ರ ಅಂತ ಮಕ್ಕಳಿಗೆ ಹೇಳಿದ್ದೇನೆ. ನ್ಯೂಜೆರ್ಸಿಯವನಿಗೆ ಹೊಸ ಬ್ಲಾಕುಗಳು ಬೇಕು, ಶಿವಮೊಗ್ಗದವನಿಗೆ ತನ್ನ ಸುರಂಗಕ್ಕೆ ಏನಾದರೂ ಆದರೆ ಅನ್ನುವ ಹೆದರಿಕೆ. ಇಬ್ಬರ ಮಾತೂ ಸರಿಯೇ, ಇನ್ನೂ ತೀರ್ಮಾನ ಆಗಿಲ್ಲ. ದಸರಾ ರಜೆಗೆ ಸರ್ವರ್ ಮತ್ತೆ ಹಾಕಬೇಕು. ಪ್ಲಾಟ್‌ಫಾರ್ಮಿಗೆ ಸೂರು ಹಾಕುವುದು ಬಾಕಿ ಇದೆಯಂತೆ. ಈ ಸಲ ಹಾಕುವುದೂ ಮುಚ್ಚುವುದೂ ಎರಡೂ ತಾನೇ ಮಾಡುತ್ತೇನೆ ಅಂತ ಅಣ್ಣನ ಮಗಳು ಕ್ರಮವನ್ನೆಲ್ಲಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಡಿಎನ್ಎಸ್ ಅಳಿಸುವುದನ್ನು ಡಿಸ್ಟ್ರಾಯ್‌ಗಿಂತ ಮೊದಲೇ ಬರೆದಿದ್ದಾಳೆ, ನೋಡಿದೆ.